ಶೋಕೇಸಿನ ನಡುವಿನ ಖಾನೆ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ನನಗೆ ಬಗೆಹರಿದಿಲ್ಲ. ತಾಯಿಯಿಂದ ಶುರು ಮಾಡಿದರೆ ನೀವು ಈಗಲೇ ಕರವಸ್ತ್ರ ಹುಡುಕುತ್ತೀರಿ. ಹಾಗಾಗಿ ಡ್ರಿಲ್ಲಿಂಗ್ ಮಷೀನಿನಿಂದ ಶುರು ಮಾಡುತ್ತೇನೆ, ಸದ್ದಾದರೂ ಬರಲಿ.

ಚನ್ನಗಿರಿಯ ಹೈಸ್ಕೂಲೊಂದರ ಡ್ರಾಯಿಂಗ್ ಮೇಷ್ಟ್ರು ಪರಶುರಾಮ, ದಸರಾ ರಜೆಯಲ್ಲಿ ಮನೆಯ ಹಾಲಿನಲ್ಲಿ ತಾನೇ ಕೈಯಾರೆ ಶೋಕೇಸ್ ಮಾಡಲು ಕೂತ. ಹಳೆಯ ಮರದ ಸಾಮಾನು ಕೂಡಿಡುವ ಹುಚ್ಚು ಅವನಿಗೆ. ಬಯಲಾಟದ ಭುಜಕೀರ್ತಿ, ಚನ್ನೆಮಣೆ, ಕೈಮುರಿದ ಪಟ್ಟದ ಗೊಂಬೆ, ಎಲ್ಲ ಮಂಚದ ಕೆಳಗೆ ಗೋಣಿಚೀಲದಲ್ಲಿ ಕೊಳೆಯುತ್ತಿದ್ದವು. "ಕಾರ್ಪೆಂಟರ್‌ನ ಕರೀರಿ ಅಂದ್ರೆ ಕೇಳಲ್ಲ, ಯೂಟ್ಯೂಬ್ ನೋಡ್ಕೊಂಡು ಮನೆ ತೂತು ಮಾಡಾಕೆ ಹತ್ತೀರಿ" ಎಂದಳು ಹೆಂಡತಿ ರಕ್ಷಾ.

೨ (ಇದನ್ನು ಹೊಡೆದುಹಾಕಿದ್ದೇನೆ)

ಮೊದಲ ಡ್ರಾಫ್ಟಿನಲ್ಲಿ ಇದು ನಗೆಕಥೆ. ಖಾನೆ ಸೊಟ್ಟಗಾಗುತ್ತದೆ, ಗಾಜು ಒಡೆಯುತ್ತದೆ, ರಕ್ಷಾ ನಗುತ್ತಾಳೆ, ಮುಗಿಯಿತು. ಯಾವುದಾದರೂ ದೀಪಾವಳಿ ಸಂಚಿಕೆಗೆ ಹೇಳಿಮಾಡಿಸಿದಂತಿತ್ತು. ಆದರೆ ಪರಶುರಾಮ ಹಠಕ್ಕೆ ಬಿದ್ದು ಶೋಕೇಸನ್ನು ನೆಟ್ಟಗೆ ಮಾಡಿಬಿಟ್ಟ. ಪ್ಲೈವುಡ್ಡಿಗೆ ಸಾಗುವಾನಿ ಪಟ್ಟಿ, ಮುಂದೆ ಜಾರುವ ಗಾಜು, ಒಳಗೆ ಎಲ್‌ಇಡಿ ದೀಪ. ಪಾತ್ರ ಕೆಲಸ ಕಲಿತರೆ ಲೇಖಕ ಕೆಟ್ಟ.

೪

(ಮೂರು ಎಲ್ಲಿ ಎಂದು ಕೇಳಬೇಡಿ. ಹರಿದೆ.)

ಮೇಲಿನ ಖಾನೆಯಲ್ಲಿ ಬುದ್ಧನನ್ನು ಕೂರಿಸಿದ. ನಡುವಿನದು ಮಾತ್ರ ಉಳಿದವಕ್ಕಿಂತ ಎತ್ತರ. ಅದು ಅವನ ಸಂಗ್ರಹದ ರಾಣಿಗೆ. ಮೊಣಕೈಯುದ್ದದ ಮರದ ಹೆಣ್ಣುಗೊಂಬೆ, ಕೆಂಪು ಬಣ್ಣ, ಅಗಲ ಕಣ್ಣು, ಕೆಳಗೆ ನಾಲ್ಕು ಗಾಲಿಯ ಪುಟ್ಟ ಬಂಡಿ. ಜಗಳೂರಿಗೆ ಸ್ಕೂಲಿನ ಕೆಲಸಕ್ಕೆ ಹೋಗಿ ಬರುವಾಗ, ಎರಡು ಊರಿನ ನಡುವೆ ಲಕ್ಕಿಗಿಡದ ಬುಡದಲ್ಲಿ ಬಿದ್ದಿತ್ತು. ಪಕ್ಕದಲ್ಲಿ ಒಂದು ಹಳೇ ಮೊರ, ಒಡೆದ ಹಸಿರು ಬಳೆ. ಎಂಥ ಕೆತ್ತನೆ ಎಂದು ಬೆರಗಾಗಿ, ಶರ್ಟಿನಿಂದಲೇ ಮಣ್ಣು ಒರೆಸಿ ಬೈಕಿಗೆ ಕಟ್ಟಿಕೊಂಡು ಬಂದಿದ್ದ. ಖಾನೆಯ ಅಳತೆ ತೆಗೆಯುವಾಗ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಟೇಪು ಹಿಡಿದಿದ್ದ.

೫

ತ್ಯಾವಣಿಗೆಯಲ್ಲಿರುವ ತನ್ನ ತಂಗಿಯ ಮನೆಗೆ ಹೋಗಿದ್ದ ಅವನ ತಾಯಿ ಅಂತರಘಟ್ಟಮ್ಮ ಬಸ್ಸಿಳಿದು ಬಂದಳು. ಹೊಸ್ತಿಲಿಗೆ ಒಂದು ಕಾಲಿಟ್ಟಿದ್ದಳು. "ನೋಡವ್ವಾ" ಎಂದು ಪರಶುರಾಮ ಸ್ವಿಚ್ಚು ಒತ್ತಿದ.

ಅವ್ವ ಇಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು.

"ಅದನ್ನ ಎಲ್ಲಿಂದ ತಂದೆ?"

"ಜಗಳೂರು ದಾರಿಯಾಗೆ ಸಿಕ್ತು. ಯಾರೋ ಬಿಸಾಕಿದ್ರು."

"ಅದು ಮಾರಿ ಕಣೋ. ಊರಾಗೆ ಬ್ಯಾನೆ ಬಂದಾಗ ಗಡಿ ದಾಟ್ಸಿ ಬಿಡ್ತಾರಲ್ಲ, ಅದು."

ಪರಶುರಾಮನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಅವನು ಹಾಸ್ಟೆಲ್ಲಿನಲ್ಲಿ ಬೆಳೆದವನು. (ನಿಮಗೂ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ಒಂದು ಊರು ತನ್ನ ರೋಗವನ್ನೆಲ್ಲ ಗೊಂಬೆಗೆ ಹೊರಿಸಿ ತನ್ನ ಗಡಿಯಾಚೆ ಇಟ್ಟು ಬರುತ್ತದೆ. ಆಚೆಯ ಊರಿನವರು ಅದನ್ನು ಮುಂದಿನ ಊರಿನ ಗಡಿಗೆ ಸಾಗಹಾಕುತ್ತಾರೆ. ಮನೆಗೆ ಮಾತ್ರ ಯಾರೂ ತರುವುದಿಲ್ಲ.)

"ಪೂಜೆ ಮಾಡೋರು ಊರೋರು. ಹೊತ್ತು ದಾಟ್ಸೋದು ನಮ್ಮ ಕೇರಿಯೋರು" ಎಂದಳು ಅವ್ವ. "ನಿಮ್ಮಪ್ಪ ಹೊತ್ತಿದ್ದ. ತಿರುಗಿ ನೋಡ್ಬಾರ್ದು ಅಂತಿತ್ತು, ನೋಡ್ಲಿಲ್ಲ. ಮನೆಗೆ ಬಂದ್ರೆ ನಿಮ್ಮಕ್ಕನ ಮೈ ಕೆಂಡ ಆಗಿತ್ತು."

"ನನಗ್ಯಾವ ಅಕ್ಕ ಇದ್ಳವ್ವಾ?"

"ಇದ್ಳು. ಆ ವಾರಾನೇ ಹೋದ್ಳು. ಅದಕ್ಕೇ ನಿನ್ನ ಹಾಲುಹಲ್ಲು ಬೀಳಾಕೆ ಮುಂಚೆ ಹಾಸ್ಟೆಲ್ಲಿಗೆ ಹಾಕಿದ್ದು. ನೀನು ಇದನ್ನ ಹೊರಬಾರ್ದು, ಇದರ ಹೆಸರೂ ನಿನ್ನ ಕಿವಿಗೆ ಬೀಳ್ಬಾರ್ದು ಅಂತ. ನೀನೇ ಎತ್ಕೊಂಡು ಬಂದು ಗಾಜು ಹಾಕಿ ಲೈಟು ಬಿಟ್ಟೀಯಲ್ಲೋ."

ಇಷ್ಟು ವರ್ಷ ಯಾರು ಕೇಳಿದರೂ ಪರಶುರಾಮ ನಾನು ಒಬ್ಬನೇ ಮಗ ಎಂದಿದ್ದ. ತೊಡೆಯ ಮೇಲೆ ಗೊಂಬೆ ಕೂತಿದ್ದ ಜಾಗವನ್ನು ತನಗರಿವಿಲ್ಲದೆ ಉಜ್ಜಿಕೊಂಡ.

[ನಾನೂ ಪೆನ್ನು ಕೆಳಗಿಟ್ಟೆ. ಆಣೆ ಮಾಡಿ ಹೇಳುತ್ತೇನೆ, ಆ ಅಕ್ಕ ನನ್ನ ಯಾವ ಡ್ರಾಫ್ಟಿನಲ್ಲೂ ಇರಲಿಲ್ಲ. ಮುದುಕಿಯ ಬಾಯಲ್ಲಿ ನಾನು ಬರೆದಿದ್ದು ಎರಡೇ ಸಾಲು ಬೈಗುಳ.]

೬. ಅಂತ್ಯ

ಪರಶುರಾಮ ಗೊಂಬೆಯನ್ನು ಬೈಕಿಗೆ ಕಟ್ಟಿ, ಹೊನ್ನಾಳಿ ಮೇಲೆ ಹಾದು, ನ್ಯಾಮತಿಯಾಚೆ ಒಂದು ಗಡಿಕಲ್ಲಿನ ಹತ್ತಿರ ಇಟ್ಟು ಬಂದ. ಅವ್ವ ಒಳಗೆ ಬಂದು ಊಟ ಮಾಡಿದಳು.

ಅಂತ್ಯ ಚೆನ್ನಾಗಿಯೇ ಇತ್ತು. ಅಷ್ಟರಲ್ಲಿ ಜಗಲಿಯಿಂದ ಅಂತರಘಟ್ಟಮ್ಮ ನನ್ನನ್ನೇ ಕರೆದಳು. "ರೀ ಬರಿಯೋರೇ, ಆ ಗಡಿಯಾಗೆ ಯಾರ ಮನೆ ಐತೆ?"

"ಯಾರದ್ದೂ ಇಲ್ಲಮ್ಮ. ಬಯಲು ಅಂತ ಬರೆದಿದ್ದೀನಿ."

"ಗಡಿಯಾಗೆ ಯಾವಾಗ್ಲೂ ಮನೆ ಇರ್ತಾವ್ರೀ. ನಮ್ದು ಇತ್ತಲ್ಲ."

ಹೊಡೆದುಹಾಕಿದೆ.

೬. ಮತ್ತೆ ಅಂತ್ಯ

ಈ ಸಲ ರಕ್ಷಾ ಮುಂದೆ ಬಂದಳು. "ಬಚ್ಚಲೊಲೆಗೆ ಹಾಕಿಬಿಡಾಣ ಅತ್ತೆ. ಬುದ್ಧನ್ನ ನಂಬಿದ ಮನೆ ಇದು. ಮಾರಿ ಗೀರಿ ಏನೂ ಇಲ್ಲ."

"ಮಾರಿ ಇಲ್ಲ ಅನ್ನೋದು ನಂಗೂ ಗೊತ್ತೈತೆ ಕಣಮ್ಮ. ಆದ್ರೆ ಆ ಕೂಸು ಇತ್ತು. ಅವಳ ನೆಪ್ಪಿಗೆ ಒಂದು ಫೋಟೋನೂ ಇಲ್ಲ. ಈ ಹಾಳು ಗೊಂಬೆ ನೋಡಿದ್ಮೇಲೇ ಅವಳ ಮುಖ ಕಣ್ಣಿಗೆ ಬಂದಿದ್ದು. ಸುಡಬ್ಯಾಡ್ರಿ."

"ಹಂಗಾದ್ರೆ ಇಟ್ಕೊಳಾಣ್ವಾ?" ಎಂದ ಪರಶುರಾಮ.

"ಅದು ಒಳಗಿದ್ರೆ ನಾನು ಒಳಗೆ ಬರಲ್ಲ."

ಸುಡುವಂತಿಲ್ಲ, ಇಡುವಂತಿಲ್ಲ, ಬಿಟ್ಟು ಬರುವಂತಿಲ್ಲ. ಕಥೆ ಬರೆಯುವವನ ಗತಿ ನೋಡಿ.

ಕೊನೆಗೆ ನನಗೊಂದು ಪರಮ ಆಧುನಿಕ ಉಪಾಯ ಹೊಳೆಯಿತು. ಪುಟವೂ ಒಂದು ಗಡಿಯೇ ತಾನೆ? ಗೊಂಬೆಯನ್ನು ಪುಟದಾಚೆ ತಳ್ಳಿ ಓದುಗರಿಗೆ ದಾಟಿಸಿಬಿಡುತ್ತೇನೆ ಎಂದೆ. ವಿಮರ್ಶಕರಿಗೂ ಇಷ್ಟವಾಗುತ್ತದೆ.

ಅಂತರಘಟ್ಟಮ್ಮ ಸ್ವಲ್ಪ ಹೊತ್ತು ನಿಮ್ಮ ಕಡೆಗೇ ನೋಡಿದಳು. ಆಮೇಲೆ ನನ್ನನ್ನು ಕೇಳಿದಳು, "ಅವರ ಮನ್ಯಾಗೆ ಕೂಸು ಐತೋ ಇಲ್ವೋ, ಕೇಳಿದೀರಾ?"

ನಾನು ಕೇಳಿಲ್ಲ.

ಶೋಕೇಸಿನ ನಡುವಿನ ಖಾನೆ ಖಾಲಿಯಿದೆ, ದೀಪ ಉರಿಯುತ್ತಿದೆ. ಅವ್ವ ಜಗಲಿಯಲ್ಲೇ ಕೂತಿದ್ದಾಳೆ. ಪರಶುರಾಮ ಬಾಗಿಲಲ್ಲಿ ಗೊಂಬೆ ಹಿಡಿದು ನಿಂತು, ಕೈ ನೋಯ್ತಾ ಐತೆ ಸಾರ್, ಎಲ್ಲಿ ಇಳಿಸ್ಲಿ ಎಂದು ಕೇಳುತ್ತಿದ್ದಾನೆ. ಅವನ ಅಪ್ಪನಿಗಾದರೋ ಗಡಿ ಎಲ್ಲಿದೆ ಎಂದು ಯಾರೋ ತೋರಿಸಿದ್ದರು.