ಜೈತುನಬಿಯ ಒಪ್ಪಿಗೆ

ಮುಂಬಯಿಯ ಘಾಟ್ಕೋಪರ್ ಸ್ಟೇಷನ್ನಿನ ಪೂರ್ವಕ್ಕಿದ್ದ ಆ ಹೆರಿಗೆ ಆಸ್ಪತ್ರೆಯಲ್ಲಿ ಕಾಗದದ ಕಡತಗಳನ್ನೆಲ್ಲ ಕ್ಲೌಡಿಗೆ ಏರಿಸುವ ಕೆಲಸ ಶಬನಮಳ ಪಾಲಿಗೆ ಬಂದಿತ್ತು. ಯಾರು ಏನನ್ನು ತೆರೆಯಬಹುದು, ಯಾರು ತೆರೆಯಕೂಡದು ಎಂದು ನಿಗದಿ ಮಾಡುವವಳೂ ಅವಳೇ. ವೈದ್ಯೆ ಮಾಧುರಿಗೆ ಓದುವ, ಬರೆಯುವ ಹಕ್ಕು. ಮ್ಯಾನೇಜರಿಗೆ ಓದುವ ಹಕ್ಕಷ್ಟೇ, ಬೇರೆಯವರಿಗೆ ತೆರೆದುಕೊಡುವಂತಿಲ್ಲ. ಕೌಂಟರಿನವರಿಗೆ ಹೆಸರು, ಫೋನ್ ನಂಬರು ಮಾತ್ರ. ಇಡೀ ಸಂಗ್ರಹದ ಒಡೆತನ, ಅನುಮತಿ ಕೊಡುವ ಮತ್ತು ಹಿಂಪಡೆಯುವ ಅಧಿಕಾರ, ಇಬ್ಬರದು: ಶಬನಮ ಮತ್ತು ಜೈತುನಬಿ.

ಜೈತುನಬಿ ದಾಖಲೆ ಕೋಣೆಯ ಹಿರಿಯಳು, ವಿಜಯಪುರದ ಕಡೆಯವಳು. ಗಂಡಂದಿರೇ ಬಂದು ಹೆಂಡತಿಯ ಕಡತ ಕೇಳಿದರೂ "ಆಕೀನ್ನ ಕರ್ಕೊಂಡು ಬಾ, ಆಕೀನ ಕೇಳ್ಲಿ" ಎಂದು ಹಿಂದಕ್ಕೆ ಅಟ್ಟುತ್ತಿದ್ದವಳು. ಹೊಸ ವ್ಯವಸ್ಥೆ ಶುರುವಾದ ವಾರದಲ್ಲೇ ತೀರಿಕೊಂಡಳು. ಒಡೆಯರ ಪಟ್ಟಿಯಿಂದ ಅವಳ ಹೆಸರನ್ನು ಕೂಡಲೇ ತೆಗೆಯಬೇಕಿತ್ತು. ಆದರೆ ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿಯುವ ತನಕ ಸತ್ತವರ ಹಾಸಿಗೆಯನ್ನೂ ಎತ್ತದ ಮನೆಯಲ್ಲಿ ಬೆಳೆದ ಶಬನಮಳಿಗೆ ಕೈ ಏಳಲಿಲ್ಲ.

ಆ ಮಧ್ಯಾಹ್ನ ಮ್ಯಾನೇಜರ್ ಶೇಖರ, ಧಾರವಾಡದವನು, ಬಂದು ಅವಳ ಮೇಜಿಗೆ ಒರಗಿ ನಿಂತ.

"ಏನವ್ವಾ ಶಬನಮ, ಹಾಲಿನ ಪುಡಿ ಕಂಪನಿಯವ್ರಿಗೆ ಬಾಣಂತೇರ ಫೋಲ್ಡರ್ ತೆರದ ಕೊಡು. ಚಲೋ ರೊಕ್ಕ ಕೊಡ್ತಾರ. ನೋಡೂದಷ್ಟ, ಬರಿಯೂದಿಲ್ಲ."

"ಸರ್, ಅದರಾಗ ಬರೇ ಹೆಸರಿಲ್ಲ. ಯಾರ ಬಸರ ನಿಲ್ಲಲಿಲ್ಲ, ಯಾರು ಮನ್ಯಾಗ ಹೇಳದ ಬಂದಿದ್ರು, ಎಲ್ಲಾ ಐತಿ."

"ಅರೆ ಯಾರ್, ಅವರೇನ್ ಪುರಾಣ ಓದಿದಂಗ ಓದ್ಕೋತ ಕೂಡ್ತಾರ? ಕೊಡು ಅಂದ್ರ ಕೊಡು. ಇಲ್ಲಾಂದ್ರ ನಾಳಿಂದ ಬರಬ್ಯಾಡ."

ನೋವಿನ ಹೊತ್ತಿನಲ್ಲಿ ಹೆಂಗಸೊಬ್ಬಳು ವೈದ್ಯರೆದುರು ಬಾಯಿಬಿಟ್ಟ ಮಾತು ಮಾರಾಟದ ಸರಕಲ್ಲ. ಅದನ್ನು ಮಾರುವವನಿಗಿಂತ, ತಿಳಿದೂ ಬಾಗಿಲು ತೆರೆದುಕೊಡುವವಳ ಪಾಪವೇನೂ ಕಡಿಮೆಯದಲ್ಲ. ಶಬನಮಳಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ನೌಕರಿಯ ಭಯಕ್ಕೆ ಅನುಮತಿಯ ಗುಂಡಿ ಒತ್ತಿದಳು.

ಕಂಪ್ಯೂಟರಿನ ತೆರೆಯ ಮೇಲೆ ಸಾಲೊಂದು ಮೂಡಿತು: "ಅನುಮತಿ ಹಿಂಪಡೆಯಲಾಗಿದೆ. ಹಿಂಪಡೆದವರು: ಜೈತುನಬಿ."

ಮತ್ತೆ ಕೊಟ್ಟಳು. ಮತ್ತೆ ಅದೇ ಸಾಲು. ಹೊರಗೆ ನರ್ಸ್ ಬಸುರಿಯರ ಹೆಸರು ಕೂಗುತ್ತಿದ್ದಳು.

"ಏನ್ ನಾಟಕ ಇದು? ಆ ಮುದುಕಿ ಫೋನ್ ಯಾರ ಕೈಯಾಗೈತಿ?" ಎಂದ ಶೇಖರ.

ಶಬನಮ ಡ್ರಾಯರ್ ಎಳೆದು ತೋರಿಸಿದಳು. ಆಸ್ಪತ್ರೆ ಜೈತುನಬಿಗೆ ಕೊಟ್ಟಿದ್ದ ಫೋನು ಅಲ್ಲೇ ಇತ್ತು, ಸಿಮ್ ತೆಗೆದು, ತಣ್ಣಗೆ.

"ಆಕಿ ಹೆಸರ ತಗಿ. ಈಗಿಂದೀಗ!"

ಅವಳು ಆ ಹೆಸರಿನ ಮೇಲೆ ಮೌಸಿನ ಬಾಣವನ್ನಿಟ್ಟಳು. ಪಕ್ಕದಲ್ಲಿ ಹಸಿರು ಚುಕ್ಕೆ ಹೊತ್ತಿಕೊಂಡಿತು: ಈಗ ಇಲ್ಲಿದ್ದಾರೆ. ಹೆಗಲ ಹಿಂದಿನಿಂದ ಯಾರೋ ಬಗ್ಗಿ ನೋಡುತ್ತಿರುವಂತೆ ಅವಳಿಗೆ ಭಾಸವಾಯಿತು. ಆ ಭಯದ ಮುಂದೆ ನೌಕರಿಯ ಭಯ ತೀರ ಸಣ್ಣದೆನಿಸಿತು. ಬಾಣವನ್ನು ಸರಿಸಿ ಶೇಖರನ ಹೆಸರನ್ನು ಅಳಿಸಿದಳು. ಆಮೇಲೆ ತನ್ನದನ್ನೂ ಅಳಿಸಲು ಒತ್ತಿದಳು. ಇನ್ನು ಯಾರು ಬೆದರಿಸಿದರೂ ತನ್ನ ಕೈಯಿಂದ ಅದು ತೆರೆಯಬಾರದು.

"ಏ, ಏನ್ ಮಾಡಾಕತ್ತಿ?"

"ಒಡೆಯರೊಬ್ಬರನ್ನು ತೆಗೆಯಲು ಇನ್ನೊಬ್ಬ ಒಡೆಯರ ಒಪ್ಪಿಗೆ ಬೇಕು" ಎಂದಿತು ತೆರೆ. ಶಬನಮ ಒಪ್ಪಿಗೆ ಕೇಳುವ ಗುಂಡಿ ಒತ್ತಿದಳು.

ಒಪ್ಪಿಗೆ ಬಂತು. ಒಪ್ಪಿದವರು: ಜೈತುನಬಿ.

ಶೇಖರ ಹಿಂದೆ ಸರಿಯುತ್ತ ಗೋಡೆಗೆ ತಾಗಿದ. ಶಬನಮ ದುಪಟ್ಟಾವನ್ನು ತಲೆಯ ಮೇಲೆ ಎಳೆದುಕೊಂಡು, ಹಿರಿಯರು ಬಂದಾಗ ಏಳುವಂತೆ ಎದ್ದು, ಕುರ್ಚಿಯನ್ನು ಬಿಟ್ಟುಕೊಟ್ಟಳು.