ಹೂವಿನ ದಾರಿ

ಬೆಟ್ಟಕ್ಕಿದ್ದ ಎರಡು ದಾರಿಗಳಲ್ಲಿ ಹೂವಿನ ದಾರಿಯೇ ಚೆಂದ ಎಂದು ಅವಳು ಎಷ್ಟು ಜನಕ್ಕೆ ಹೇಳಿದ್ದಳೋ ಲೆಕ್ಕವಿಲ್ಲ. ಬೆಟ್ಟದ ಬುಡದಲ್ಲಿ, ಚಾರಣಕ್ಕೆ ಬರುವವರಿಗೆಂದು ತೆರೆದ ಒಂದೇ ಕೋಣೆಯ ಆಫೀಸು. ಮಾರಾಟಕ್ಕಿಟ್ಟ ಬೂಟು, ಟೆಂಟು, ಹಗ್ಗಗಳ ನಡುವೆ ಮೇಜು ಹಾಕಿಕೊಂಡು ಕೂತು, ಸ್ವೆಟರು ಹೆಣೆಯುವ ಕಡ್ಡಿಯನ್ನು ಗೋಡೆಯ ನಕ್ಷೆಯ ಮೇಲಿಟ್ಟು ತೋರಿಸುತ್ತಿದ್ದಳು.

"ಇದು ಕತ್ತೆ ದಾರಿ. ಬರೀ ತಿರುವು, ಸಾಮಾನು ಹೊರೋ ಕತ್ತೆಗಳಿಗೇ ಸರಿ. ಇದು ಹೂವಿನ ದಾರಿ. ಅರ್ಧ ಹತ್ತಿದ ಮೇಲೆ ಒಂದು ಬಯಲು ಬರುತ್ತೆ ನೋಡಿ, ಕಾಲಿಡೋಕೂ ಜಾಗ ಇಲ್ಲದ ಹಾಗೆ ಬಿಳಿ ಹೂವು."

ಹೇಳುವಾಗ ಅವಳ ದನಿ ಎಷ್ಟು ಮೆತ್ತಗಾಗುತ್ತಿತ್ತೆಂದರೆ, ಬಂದವರು ಎರಡನೇ ಮಾತಿಲ್ಲದೆ ಅದನ್ನೇ ಆರಿಸುತ್ತಿದ್ದರು.

ತಮಾಷೆಯೆಂದರೆ, ಆ ಬಯಲನ್ನು ಅವಳು ಕಣ್ಣಾರೆ ಕಂಡವಳೇ ಅಲ್ಲ. ಬೆಟ್ಟ ಹತ್ತಿದವಳೂ ಅಲ್ಲ. ಹೇಳುತ್ತಿದ್ದದ್ದೆಲ್ಲ ಗೈಡ್ ಆಗಿದ್ದ ಗಂಡನ ಬಾಯಿಂದ ಬಂದದ್ದು. ಮದುವೆಯಾದ ಹೊಸತರಲ್ಲಿ, ಕಂಕುಳಲ್ಲಿ ಕೂಸು, ಒಳಗೆ ಹಾಸಿಗೆ ಹಿಡಿದ ಅತ್ತೆ ಎಂದು ಮನೆಯಲ್ಲೇ ಉಳಿದವಳಿಗೆ ಅವನು ಬೂಟು ಬಿಚ್ಚುತ್ತಾ ಆ ಬಯಲಿನ ಕಥೆ ಹೇಳುತ್ತಿದ್ದ. "ನಿನ್ನನ್ನೂ ಕರ್ಕೊಂಡು ಹೋಗ್ತೀನಿ, ತುದಿವರೆಗೂ" ಎನ್ನುತ್ತಿದ್ದ. ಪ್ರತಿ ಸಲ ಏನಾದರೊಂದು ಅಡ್ಡ ಬರುತ್ತಿತ್ತು. ಅಮ್ಮನಿಗೆ ಹುಷಾರಿಲ್ಲ. ಮಗನಿಗೆ ಪರೀಕ್ಷೆ. ಈ ಸಲ ಹಾದಿ ಕುಸಿದಿದೆ. ಅತ್ತೆ ತೀರಿಕೊಂಡರು, ಮಗನಿಗೆ ಮದುವೆಯಾಯಿತು, ಅಡ್ಡಿಗಳು ಮಾತ್ರ ಮುಗಿಯಲಿಲ್ಲ.

ಈ ವರ್ಷ ಡಾಕ್ಟರು ಅವಳ ಮಂಡಿ ಒತ್ತಿ ನೋಡಿ, ಇನ್ನು ಮೆಟ್ಟಿಲು ಹತ್ತುವುದನ್ನೂ ಕಡಿಮೆ ಮಾಡಿ ಎಂದರು. ಅವಳು ನೇರವಾಗಿ ಆಫೀಸಿಗೆ ಬಂದು ತನ್ನ ಅಳತೆಯ ಬೂಟು ಕೆಳಗಿಳಿಸಿದಳು.

"ನಾಳೆ ಹೋಗೋಣ ರೀ. ಈಗ ಬಿಟ್ರೆ ಇನ್ನಿಲ್ಲ."

"ಕತ್ತೆ ದಾರೀಲಿ ಹೋಗೋಣ್ವಾ? ನಿಂಗೆ ಸುಲಭ."

"ಊರಿಗೆಲ್ಲ ಹೂವಿನ ದಾರಿ ಹೇಳಿ, ನಾನು ಕತ್ತೆ ದಾರೀಲಿ ಹೋಗ್ಲಾ?"

ಗಂಡ ಬಗ್ಗಿ ಅವಳ ಬೂಟಿಗೆ ಲೇಸು ಪೋಣಿಸತೊಡಗಿದ. ಅದನ್ನು ಪ್ರೀತಿ ಎಂದುಕೊಂಡಳು, ಪಾಪ.

ಮರುದಿನ ಆಕಾಶ ತೊಳೆದಿಟ್ಟಂತಿತ್ತು. ಏದುಸಿರು ಬಿಡುತ್ತಾ, ಕೋಲೂರಿ, ಸಿಕ್ಕ ಸಿಕ್ಕ ಬಂಡೆಯ ಮೇಲೆ ಕೂತು ಸುಧಾರಿಸಿಕೊಂಡು ಹತ್ತಿದಳು. ಮಧ್ಯಾಹ್ನದ ಹೊತ್ತಿಗೆ ದಾರಿ ಒಂದು ಇಳಿಜಾರಿಗೆ ಬಂತು. ಬೂದು ಬಣ್ಣದ ಪುಡಿಗಲ್ಲು, ಎದುರಿಗೆ ಬೋಳು ಬಂಡೆ, ಅಷ್ಟೇ.

"ಬಯಲು ಇನ್ನೆಷ್ಟು ದೂರ?"

ಗಂಡ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ನಿಂತ. "ಇದೇ."

"ಹೂವು?"

"ಈ ವರ್ಷ ತಡ..." ಎಂದು ಅಭ್ಯಾಸಬಲದಿಂದ ಶುರುಮಾಡಿದವನು ಅವಳ ಮುಖ ನೋಡಿ ನಿಲ್ಲಿಸಿದ. ಬಂದವರಿಗೆಲ್ಲ ಅವನು ಹೇಳುತ್ತಿದ್ದದ್ದು ಅದನ್ನೇ. ಅವರು ತುದಿ ಮುಟ್ಟಿದ ಖುಷಿಯಲ್ಲಿ ಬೆಟ್ಟದ ಆಚೆ ಮಗ್ಗುಲಿಗೆ ಇಳಿದು, ಅಲ್ಲಿಂದಲೇ ಬಸ್ಸು ಹಿಡಿಯುತ್ತಿದ್ದರು. ಆಫೀಸಿಗೆ ವಾಪಸು ಬಂದು, ಹೂವೆಲ್ಲಿ ಎಂದು ಅವಳನ್ನು ಕೇಳಿದವರು ಯಾರೂ ಇರಲಿಲ್ಲ.

"ಆಗ ನೀನು ದಿನಾ ಅಳ್ತಿದ್ದೆ. ಸಮಾಧಾನಕ್ಕೆ ಅಂತ ಒಂದು ಕಥೆ ಕಟ್ದೆ. ನೀನು ಅದನ್ನೇ ಬಂದೋರಿಗೆಲ್ಲ ಹೇಳೋಕೆ ಶುರು ಮಾಡ್ದೆ. ಆಮೇಲೆ ಹೇಗೆ ಬಾಯಿ ಬಿಡ್ಲಿ?"

"ಅದಕ್ಕೇನಾ ಇಷ್ಟು ವರ್ಷ ನನ್ನ ಕರ್ಕೊಂಡು ಬರದೆ ಇದ್ದಿದ್ದು?"

"ಹೂಂ," ಎಂದ ಅವನು, ಬಾಟಲಿಯನ್ನು ಅವಳ ಕೈಗಿಡುತ್ತಾ.

ಹೂವಿಲ್ಲವೆಂದು ಅವಳಿಗೆ ಅಳು ಬರಲಿಲ್ಲ. ತುದಿಯತ್ತ ನೋಡಿದಳು. ಗಟ್ಟಿ ಮಂಡಿಯ ಹೆಂಗಸು ಸಂಜೆಯೊಳಗೆ ಮುಟ್ಟಬಹುದಾದಷ್ಟು ಹತ್ತಿರದಲ್ಲಿತ್ತು. ಏಳಲು ಹೋದಳು. ಮಂಡಿ ಕೈಕೊಟ್ಟಿತು. ಅಲ್ಲೇ ಕುಸಿದು ಕೂತಳು.

"ಕಲ್ಲು ನೋಡೋಕೂ ನಾನು ಬರ್ತಿದ್ದೆ ಕಣ್ರೀ, ನಿಮ್ಮ ಜೊತೆ," ಎಂದಳು.

ಗಂಡ ಅಡ್ಡಹಾದಿಯಲ್ಲಿ ಓಡಿಹೋಗಿ ಆ ಇನ್ನೊಂದು ದಾರಿಯಿಂದ ಒಂದು ಕತ್ತೆ ಹೊಡೆದುಕೊಂಡು ಬಂದ. ಸಾಮಾನಿನ ಚೀಲದ ಹಾಗೆ ಅದರ ಬೆನ್ನ ಮೇಲೆ ಕೂತು ಅವಳು ಕತ್ತೆ ದಾರಿಯಲ್ಲೇ ಇಳಿದಳು. ಒಂದು ತಿರುವಿನಲ್ಲಿ ಇಡೀ ಕಣಿವೆ ಹೊಳೆಯ ಸಮೇತ ಕಣ್ಣೆದುರು ತೆರೆದುಕೊಂಡಿತು. ಇಷ್ಟು ಚೆಂದದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ನೋಡು," ಎಂದ ಗಂಡ ಹಗ್ಗ ಹಿಡಿದು ನಿಂತು. "ಇದನ್ನ ತೋರಿಸೋಣ ಅಂತಾನೇ ಈ ದಾರೀಲಿ ಬರೋಣ ಅಂದಿದ್ದು."

ಅವಳು ಕಣ್ಣು ಮುಚ್ಚಿಕೊಂಡಳು. ಆಫೀಸಿನ ಬಾಗಿಲು ಬರುವವರೆಗೂ ತೆರೆಯಲಿಲ್ಲ.