ಬಾರದ ಗಾಡಿ, ಹಸಿರು ಬೋರ್ಡು

ಮಂಗಳವಾರ ಬೆಳಿಗ್ಗೆ ಏಳಕ್ಕೆ ಅತ್ತೆಯನ್ನು ಡಯಾಲಿಸಿಸ್‌ಗೆ ಕರೆದೊಯ್ಯಬೇಕಿದ್ದ ಗಾಡಿ ಬರಲಿಲ್ಲ. ಗಾಡಿ ಕಳಿಸುವ ಕಂಪನಿಯ ಪ್ರಕಾರ ಅದು ಬಂದಿತ್ತು. ಆ ಕಂಪನಿಯಲ್ಲೇ ಸೊಸೆಗೆ ಪ್ರೋಗ್ರಾಮು ಬರೆಯುವ ಕೆಲಸ. ಈಗ ಯಾರ ಮಾತು ನಂಬಬೇಕು ಹೇಳಿ? ಒಂದು ಕಡೆ ಬ್ಯಾಗು ಮಡಿಲಲ್ಲಿಟ್ಟುಕೊಂಡು ಬಾಗಿಲ ಬಳಿ ಕೂತ ಮುದುಕಿ, ಇನ್ನೊಂದು ಕಡೆ ಆಫೀಸಿನ ಗೋಡೆಯಗಲದ ಬೋರ್ಡಿನ ಮೇಲೆ ಹೊಳೆಯುವ ಹಸಿರು ಚುಕ್ಕಿ. ಸೊಸೆ ಓದಿದವಳು, ಚುಕ್ಕಿಯನ್ನೇ ನಂಬಿದಳು.

"ಗಾಡಿ ಕಳಿಸಿದೆ ಅಂತ ತೋರಿಸ್ತಿದೆ ಅತ್ತೆ. ನಿಮಗೇ ಒಂಚೂರು ಜೊಂಪು ಹತ್ತಿರ್ಬೇಕು. ಕಾಯ್ತಿರಿ, ಬಂದೇ ಬರುತ್ತೆ" ಎಂದಳು ಆಫೀಸಿನಿಂದ ಫೋನಿನಲ್ಲಿ.

"ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಕೂತೋಳು ನಾನು. ಆಗ ಹತ್ತದ ಜೊಂಪು ಈಗ ಹತ್ತುತ್ತೇನೇ?"

ಎಂಟೂವರೆಯ ಹೊತ್ತಿಗೆ ಆಸ್ಪತ್ರೆಯವರು ಅತ್ತೆಯ ಹಾಸಿಗೆಯನ್ನು ಬೇರೆಯವರಿಗೆ ಕೊಟ್ಟಾಗಿತ್ತು. ಮಧ್ಯಾಹ್ನ ಸೊಸೆ ಓಡಿಬಂದು ನೋಡಿದರೆ ಅತ್ತೆಯ ಕಾಲು ಊದಿಕೊಂಡಿದೆ. ಡಾಕ್ಟರಂತೂ ಫೋನಿನಲ್ಲೇ ಜಾಡಿಸಿದರು: "ಗುರುವಾರವೂ ತಪ್ಪಿಸಿದ್ರೆ ನೇರ ಐಸಿಯುಗೇ ಕರ್ಕೊಂಡು ಬನ್ನಿ."

ಅಡುಗೆಮನೆಯ ಗೋಡೆಯಲ್ಲಿ ಕ್ಯಾಲೆಂಡರು. ಏನೇ ನಡೆದರೂ ಗಂಟೆ ಸಮೇತ ಅದರಲ್ಲಿ ಗೀಚುವುದು ಅತ್ತೆಯ ಹಳೇ ಚಾಳಿ. ಎರಡು ತಿಂಗಳಲ್ಲಿ ನಾಲ್ಕು ಕಡೆ "೭ಕ್ಕೆ ಗಾಡಿ ಇಲ್ಲ. ಪಕ್ಕದ ಮನೆಯವರ ಕಾರು" ಎಂದಿತ್ತು. ಈ ಮಂಗಳವಾರದ ಚೌಕದಲ್ಲಿ ಮಾತ್ರ "೭ಕ್ಕೆ ಇಲ್ಲ. ಸೊಸೆ ಕಾಯ್ತಿರಿ ಅಂದಳು." ಸೊಸೆಗೆ ಮುಖಕ್ಕೆ ಹೊಡೆದಂತಾಯಿತು.

ಗಾಡಿ ಕಳಿಸುವ ವ್ಯವಸ್ಥೆಯನ್ನೇ ತಪಾಸಣೆ ಮಾಡಬೇಕೆಂದು ಮ್ಯಾನೇಜರಿಗೆ ಫೋನು ಮಾಡಿದಳು. ಬೋರ್ಡು ಹಸಿರಾಗಿದ್ದರೆ ಲೋಕವೇ ಸುಖವಾಗಿದೆ ಎಂದು ನಂಬಿದ ಮಹಾನುಭಾವ. ಆಫೀಸಿನಲ್ಲಿ ಅವನ ಬೆನ್ನ ಹಿಂದಿನ ಹೆಸರು ಹಸಿರಣ್ಣ.

"ಮೂರು ವರ್ಷದಿಂದ ಒಂದೇ ಒಂದು ಎರರ್ ಇಲ್ಲ. ಇಲ್ಲದ ಕಾಯಿಲೆಗೆ ಸ್ಕ್ಯಾನಿಂಗ್ ಯಾಕಮ್ಮ?" ಎಂದ ಹಸಿರಣ್ಣ.

"ಕಾಯಿಲೆ ನಮ್ಮತ್ತೆಗಿದೆ ಸರ್" ಎಂದು ಫೋನಿಟ್ಟಳು.

ಅವರ ಕಂಪನಿಗೆ ಸ್ವಂತ ಸರ್ವರು ಎಂಬುದಿಲ್ಲ. ಎಲ್ಲ ಕ್ಲೌಡು, ಅಂದರೆ ಇಂಟರ್ನೆಟ್ಟಿನಲ್ಲಿ ಬಾಡಿಗೆಗೆ ಸಿಗುವ ಕಂಪ್ಯೂಟರು. ಅಲ್ಲಿ ಫಂಕ್ಷನ್ ಎಂಬ ಪುಟ್ಟ ಪ್ರೋಗ್ರಾಮುಗಳು ಕರೆದಾಗ ಏಳುತ್ತವೆ, ಕೆಲಸ ಮುಗಿಸಿ ಮಾಯವಾಗುತ್ತವೆ. ಮೊದಲನೆಯದು ಬುಕಿಂಗ್ ತೆಗೆದುಕೊಳ್ಳುತ್ತದೆ, ಎರಡನೆಯದು ಗಾಡಿ ಗೊತ್ತುಮಾಡುತ್ತದೆ, ಮೂರನೆಯದು ಡ್ರೈವರನ ಫೋನಿಗೆ ಸಂದೇಶ ಕಳಿಸುತ್ತದೆ. ಎಡವಟ್ಟಾದರೆ ಹಿಡಿದು ಕೇಳೋಣವೆಂದರೆ ಆಸಾಮಿಯೇ ನಾಪತ್ತೆ! ಅದಕ್ಕೇ ಸೊಸೆ ಪ್ರತಿ ಬುಕಿಂಗಿಗೂ ಮೊದಲ ಬಾಗಿಲಲ್ಲೇ ಒಂದು ನಂಬರು ಕೊಟ್ಟಳು. ಮೂವರೂ ಆ ನಂಬರನ್ನು ಕೈಯಿಂದ ಕೈಗೆ ದಾಟಿಸಬೇಕು, ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಬಿಟ್ಟೆ ಎಂದು ಬರೆದಿಟ್ಟೇ ಸಾಯಬೇಕು. ಅತ್ತೆಯ ಕ್ಯಾಲೆಂಡರಿನ ವಿದ್ಯೆಯೇ. ಎಲ್ಲಿ ಎರರ್ ಆದರೂ ತನ್ನ ಫೋನು ಬಡಿದುಕೊಳ್ಳುವಂತೆಯೂ ಮಾಡಿಟ್ಟಳು.

ಬುಧವಾರ ಏಳಕ್ಕೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಳು. ಮೂವತ್ತು ಬುಕಿಂಗು ಹೋದವು. ಫೋನು ತುಟಿಪಿಟಿಕ್ಕೆನ್ನಲಿಲ್ಲ. "ನೋಡಿದ್ಯಾ? ನಾನು ಹೇಳ್ಲಿಲ್ವಾ?" ಎಂದು ಹಸಿರಣ್ಣನ ಮೆಸೇಜು ಬೇರೆ.

ಆದರೆ ನಂಬರುಗಳ ಜಾಡು ಬೇರೆ ಕಥೆ ಹೇಳುತ್ತಿತ್ತು. ಹನ್ನೊಂದು ಬುಕಿಂಗಿನಲ್ಲಿ ಮೂರನೆಯ ಫಂಕ್ಷನ್ ಸರಿಯಾಗಿ ಮೂರು ಸೆಕೆಂಡು ತೆಗೆದುಕೊಂಡು "ಯಶಸ್ವಿ" ಎಂದಿತ್ತು. ಮೂರು ಸೆಕೆಂಡು ಎಂದರೆ ಅದು ಉತ್ತರಕ್ಕಾಗಿ ಕಾಯುವ ಗಡುವು. ಗಡುವು ಮುಗಿಯುವ ತನಕ ಕಾದು, ಉತ್ತರ ಬಾರದೆ, ಯಶಸ್ವಿ ಎನ್ನುವುದು ಯಾವ ಸೀಮೆ ನ್ಯಾಯ? ಕೋಡು ತೆರೆದಳು. ಅಲ್ಲಿ ನಾಲ್ಕು ಸಾಲು: ಸಂದೇಶ ಹೋಗದಿದ್ದರೆ ಯಾರಿಗೂ ಹೇಳಬೇಡ, ಯಶಸ್ವಿ ಎಂದು ಹೇಳಿ ಹೊರಡು. ಮೇಲೊಂದು ಟಿಪ್ಪಣಿ: "ತಾತ್ಕಾಲಿಕ. ನಾಳೆ ತೆಗೆಯಬೇಕು."

ಬರೆದು ಮೂರು ವರ್ಷವಾಗಿತ್ತು.

"ಯಾವ ಪುಣ್ಯಾತ್ಮನ ಕೆಲಸವಪ್ಪಾ ಇದು!" ಹಸಿರಣ್ಣನದೇ ಇರಬೇಕು. ಮೀಟಿಂಗಿನಲ್ಲಿ ಎಲ್ಲರೆದುರು ಅವನ ನೀರಿಳಿಸುವ ಮಾತುಗಳನ್ನೂ ಹೊಂದಿಸಿಕೊಂಡಳು. ಬರೆದವರ ಹೆಸರು ನೋಡಲು ಒತ್ತಿದಳು. ಅವಳದೇ ಹೆಸರು.

ಆಗ ನೆನಪಾಯಿತು. ಆಸ್ಪತ್ರೆಗೆ ಗಾಡಿ ಕಳಿಸಲು ಶುರುಮಾಡಿದ ಮೊದಲ ದಿನ ಆಸ್ಪತ್ರೆಯವರು ಬೋರ್ಡಿನ ಮುಂದೆ ನಿಂತಿದ್ದರು. ಕೆಂಪು ಚುಕ್ಕಿ ಮೇಲೆ ಕೆಂಪು ಚುಕ್ಕಿ. "ಹೇಗಾದ್ರೂ ಮಾಡಿ ಕೆಂಪು ತೆಗಿ" ಎಂದು ಹಸಿರಣ್ಣ ಕಿವಿಯಲ್ಲಿ ಪಿಸುಗುಟ್ಟಿದ್ದ. ಐದೇ ನಿಮಿಷದಲ್ಲಿ ತೆಗೆದಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದ್ದರು, ಅವಳೂ ಹಿರಿಹಿರಿ ಹಿಗ್ಗಿದ್ದಳು.

ನಾಲ್ಕೂ ಸಾಲು ಅಳಿಸಿದಳು. ಸಂದೇಶ ತಲುಪಿಸುವುದು ಬೇರೊಂದು ಕಂಪನಿಯ ಗುತ್ತಿಗೆ. ಬೆಳಗಿನ ನೂಕುನುಗ್ಗಲಿನಲ್ಲಿ ತಮ್ಮ ಸರ್ವರು ನಿಧಾನವಾಗುತ್ತದೆ, ಸರಿಪಡಿಸಲು ಒಂದು ವಾರ ಬೇಕು ಎಂದರು ಅವರು, ಬಹಳ ವಿನಯದಿಂದ.

ಗುರುವಾರ ಏಳು ಗಂಟೆ ಎರಡು ನಿಮಿಷಕ್ಕೆ ಸೊಸೆಯ ಫೋನು ಬಡಿದುಕೊಂಡಿತು. ತೆರೆದು ನೋಡಿದರೆ ಅತ್ತೆಯ ಬುಕಿಂಗಿನ ನಂಬರು. ಗಾಡಿ ಬರುವುದಿಲ್ಲ ಎಂದು ಆ ವ್ಯವಸ್ಥೆ ಮೂರು ವರ್ಷದಲ್ಲಿ ಮೊದಲ ಬಾರಿ ಬಾಯಿಬಿಟ್ಟಿತ್ತು. ಐದೇ ನಿಮಿಷದಲ್ಲಿ ಬಾಡಿಗೆ ಕಾರು ಬಂತು, ಇಬ್ಬರೂ ಹತ್ತಿದರು.

"ನಿಮ್ಮ ಕ್ಯಾಲೆಂಡರೇ ಸರಿ ಅತ್ತೆ. ತಪ್ಪು ಮುಚ್ಚಿಟ್ಟಿದ್ದು ನನ್ನ ಕೋಡು. ನಾನೇ ಬರೆದಿದ್ದು" ಎಂದಳು ಸೊಸೆ.

ಅತ್ತೆ ಕೈಗಡಿಯಾರ ನೋಡಿದರು. "ಗಂಟೆ ಎಷ್ಟು? ಏಳೂ ಕಾಲು. ಮನೆಗೆ ಹೋಗಿ ಬರ್ಕೋಬೇಕು, ಸೊಸೆ ತಪ್ಪು ಒಪ್ಕೊಂಡಳು ಅಂತ."

ಸೊಸೆಗೆ ಅಳುವಿನ ನಡುವೆಯೂ ನಗು ಬಂತು. ಅಷ್ಟರಲ್ಲಿ ಹಸಿರಣ್ಣನ ಮೆಸೇಜು: "ಬೋರ್ಡ್ ಯಾಕೆ ಕೆಂಪು? ಹತ್ತಕ್ಕೆ ಆಸ್ಪತ್ರೆಯವರು ಬರ್ತಾರೆ. ಹೇಗಾದ್ರೂ ಮಾಡಿ ತೆಗಿ." ಅದರ ಹಿಂದೆಯೇ ಫೋನು ಮತ್ತೆ ಬಡಿದುಕೊಂಡಿತು, ಮತ್ತೆ, ಮತ್ತೆ.

"ಅದ್ಯಾಕೆ ಇನ್ನೂ ಅರಚ್ಕೊಳ್ತಿದೆ? ನಾನು ಕಾರಲ್ಲಿ ಕೂತಾಯ್ತಲ್ಲ?"

"ಬೇರೆಯವರದು ಅತ್ತೆ. ಇನ್ನೂ ಒಂಬತ್ತು ಜನಕ್ಕೆ ಗಾಡಿ ಹೋಗಿಲ್ಲ."

"ಅವರಿಗೆಲ್ಲ ಸೊಸೆ ಇದ್ದಾಳಾ?"

ಸೊಸೆ ಹಸಿರಣ್ಣನ ಮೆಸೇಜನ್ನು ಪಕ್ಕಕ್ಕೆ ಸರಿಸಿದಳು. ಗಾಡಿ ಹೋಗದವರ ಪಟ್ಟಿಯಲ್ಲಿ ಮೊದಲಿದ್ದ ರೋಗಿಯ ಫೋನ್ ನಂಬರು ಒತ್ತಿದಳು. ಒಂದೇ ರಿಂಗಿಗೆ ಯಾರೋ ಮುದುಕರು ಎತ್ತಿಕೊಂಡರು.

"ಬಂದೆ, ಬಂದೆ. ಬಾಗಿಲಲ್ಲೇ ಕೂತಿದ್ದೀನಪ್ಪಾ. ಗಾಡಿ ಬಂತಾ?"